ರಿಪೋರ್ಟಲ್ಲಿ ದಪ್ಪಕ್ಷರ ಕಂಡ್ರೆ ಹೆದರ್ಬೇಕಾ?

ಈ ಸಲ ಓದುಗರಿಂದ ನಂಗೆ ಬಂದಿದ್ರಲ್ಲಿ ಮುಕ್ಕಾಲು ಪಾಲು ಪ್ರಶ್ನೆಗಳೇ ಅಲ್ಲ, ಫೋಟೋಗಳು. ಲ್ಯಾಬ್ ರಿಪೋರ್ಟಿಂದು ಒಂದು ಫೋಟೋ, ಕೆಳಗೆ "ಡಾಕ್ಟ್ರೇ ಇದು ಎಂತ?" ಅಂತ ಒಂದು ಸಾಲು, ಮುಗೀತು. ವಯಸ್ಸಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ, ಎಂತಕ್ಕೆ ಟೆಸ್ಟ್ ಮಾಡ್ಸಿದ್ದು ಅನ್ನೋದೂ ಇಲ್ಲ. ಹೊನ್ನಾವರದ ಒಬ್ರದ್ದಂತೂ ನಂಬರ್ ಇರೋ ಜಾಗದ ಮೇಲೇ ಹೆಬ್ಬೆರಳು ಕೂತಿತ್ತು. ರಿಪೋರ್ಟು ಅರ್ಧ ಕತೆ ಮಾರಾಯ್ರೆ, ಉಳಿದರ್ಧ ನೀವೇ ಹೇಳ್ಬೇಕು. ಹೇಳಿದವರ ಪ್ರಶ್ನೆಗಳನ್ನ ಈ ಸಲ ತಗೊಂಡಿದ್ದೇನೆ, ಹೆಸರು ಹಾಕ್ಲಿಲ್ಲ, ಊರು ಮಾತ್ರ.

ಪ್ರಶ್ನೆ: ನಮ್ಮೂರಲ್ಲಿ ಒಂದು ಕ್ಯಾಂಪ್ ಇತ್ತು, 72 ಟೆಸ್ಟಿನ ಪ್ಯಾಕೇಜು ಕಡಿಮೆ ರೇಟಿಗೆ ಅಂದ್ರು, ಮನೆಯವರೆಲ್ಲ ರಕ್ತ ಕೊಟ್ಟು ಬಂದ್ವಿ. ನನ್ನ ರಿಪೋರ್ಟಲ್ಲಿ 6 ಕಡೆ ದಪ್ಪಕ್ಷರ ಬಂದದೆ. ಟಿಎಸ್ಎಚ್ 6.4, ವಿಟಮಿನ್ ಡಿ 15, ಹಿಮೋಗ್ಲೋಬಿನ್ 10.2, ಎಂಸಿವಿ 71, ಇಯೊಸಿನೊಫಿಲ್ 8, ಮತ್ತೆ ಎ/ಜಿ ರೇಶಿಯೊ ಅಂತ ಎಂತದೋ. ಸ್ವಲ್ಪ ಸುಸ್ತು ಬಿಟ್ರೆ ನಂಗೆ ಬೇರೆ ತೊಂದ್ರೆ ಇಲ್ಲ. ಥೈರಾಯ್ಡ್ ಮಾತ್ರೆ ಶುರು ಮಾಡಿದ್ರೆ ಸಾಯೋತನಕ ಬಿಡ್ಲಿಕ್ಕಿಲ್ಲ ಅಂತ ನೆಗೆಣ್ಣಿ ಹೆದರಿಸ್ತಾಳೆ, ಮೂರು ದಿನದಿಂದ ನಿದ್ದೆ ಇಲ್ಲ. — ಶಿರಸಿ ತಾಲೂಕು, 44 ವರ್ಷ

ಉತ್ತರ: ಮೊದ್ಲು ಆ ದಪ್ಪಕ್ಷರ ಹೇಗೆ ಬೀಳ್ತದೆ ಅಂತ ಹೇಳ್ತೇನೆ. ಆರೋಗ್ಯವಾಗಿ ಇರೋ ತುಂಬಾ ಜನರ ರಕ್ತ ತಗೊಂಡು ಅಳೀತಾರೆ, ಮೇಲಿನ ಎರಡೂವರೆ ಪರ್ಸೆಂಟು ಕೆಳಗಿನ ಎರಡೂವರೆ ಪರ್ಸೆಂಟು ಬಿಟ್ಟು ನಡುವಿನ 95 ಪರ್ಸೆಂಟ್ ಜನ ಎಲ್ಲಿ ಬರ್ತಾರೋ ಅದನ್ನೇ ನಾರ್ಮಲ್ ಅಂತ ಬರೀತಾರೆ, ಅದರ ಹೊರಗೆ ಬಿದ್ದ ನಂಬರಿಗೆ ದಪ್ಪಕ್ಷರ. ಹೆಚ್ಚಿನ ಟೆಸ್ಟುಗಳ ನಾರ್ಮಲ್ಲು ಹೀಗೇ ಹುಟ್ಟಿದ್ದು. ಅಂದ್ರೆ ಎಂತ ಆಯ್ತು, ಏನೂ ಕಾಯಿಲೆ ಇಲ್ಲದ 20 ಜನರಲ್ಲಿ ಒಬ್ಬರಿಗೆ ಯಾವ್ದೇ ಟೆಸ್ಟಲ್ಲಾದ್ರೂ ದಪ್ಪಕ್ಷರ ಬಿದ್ದೇ ಬೀಳ್ತದೆ. ಒಬ್ಬ ಗಟ್ಟಿಮುಟ್ಟು ಮನುಷ್ಯನಿಗೆ ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿದ್ರೆ ಎಲ್ಲವೂ ನಾರ್ಮಲ್ ಬರೋ ಸಾಧ್ಯತೆ ಸುಮಾರು 36 ಪರ್ಸೆಂಟ್ ಅಷ್ಟೇ, ಲೆಕ್ಕ ಹಾಕಿ ನೋಡಿ ಬೇಕಾದ್ರೆ. ನೀವು ಮಾಡ್ಸಿದ್ದು 72. ಆರೇ ಬಿದ್ದಿದ್ದು ಅಂತ ಖುಷಿ ಪಡ್ಬೇಕು.

ಆದ್ರೆ ನಿಮ್ಮ ಆರರಲ್ಲಿ ಎರಡು ಸುಮ್ನೆ ಬಿದ್ದಿದ್ದಲ್ಲ, ಮತ್ತೆ ತಮಾಷೆ ಅಂದ್ರೆ ನೀವು ಹೆದರಿದ್ದು ಅದಕ್ಕಲ್ಲ. ಥೈರಾಯ್ಡ್ ಥೈರಾಯ್ಡ್ ಅಂತ ಮನೆಯೆಲ್ಲ ಮಾತಾಡ್ತಾ ಕೂತಿದ್ದೀರಿ, ಹಿಮೋಗ್ಲೋಬಿನ್ 10.2 ಬಗ್ಗೆ ಯಾರೂ ಒಂದು ಮಾತಾಡ್ಲಿಲ್ಲ. ಹೆಂಗಸರಿಗೆ 12ಕ್ಕಿಂತ ಕೆಳಗೆ ಇದ್ರೆ ಅದು ರಕ್ತಹೀನತೆ. ಎಂಸಿವಿ ಅಂದ್ರೆ ಒಂದೊಂದು ಕೆಂಪು ರಕ್ತಕಣ ಎಷ್ಟು ದೊಡ್ಡದು ಅನ್ನೋ ಅಳತೆ, 80 ಇರ್ಬೇಕಾದ್ದು 71 ಇದೆ ಅಂದ್ರೆ ಕಣ ಸಣ್ಣದಾಗಿದೆ, ಕಬ್ಬಿಣ ಸಾಲ್ತಾ ಇಲ್ಲ ಅಂತ ಮೊದ್ಲು ಯೋಚ್ನೆ ಮಾಡ್ಬೇಕು. ತಲಸೀಮಿಯಾ ಅನ್ನೋ ವಂಶಪಾರಂಪರ್ಯ ರಕ್ತದೋಷ ಹುಟ್ಟಿಂದ ಇದ್ದವರಿಗೂ ಹೀಗೆ ಬರ್ತದೆ, ಅದಕ್ಕೇ ಫೆರಿಟಿನ್ ಅಂತ ಒಂದು ಟೆಸ್ಟ್ ಮಾಡ್ಸಿ, ದೇಹದ ಉಗ್ರಾಣದಲ್ಲಿ ಎಷ್ಟು ಕಬ್ಬಿಣ ಉಳಿದದೆ ಅಂತ ಅದು ಹೇಳ್ತದೆ. 72 ಟೆಸ್ಟ್ ಮಾಡಿದವರು ಇದೊಂದನ್ನ ಬಿಟ್ಟಿದ್ದಾರೆ ಅನ್ಸ್ತದೆ, ನಿಮ್ಮ ಫೋಟೋದಲ್ಲಿ ಕಾಣ್ಲಿಲ್ಲ.

ಕಬ್ಬಿಣ ಎಲ್ಲಿಗೆ ಹೋಯ್ತು ಅನ್ನೋದು ಮುಂದಿನ ಪ್ರಶ್ನೆ. 44 ಅಂದ್ರೆ ತಿಂಗಳ ರಕ್ತಸ್ರಾವ ಹೇಗಿದೆ? ನಮ್ಮ ಕಡೆ ಹೆಂಗಸರು ಇದನ್ನ ಕೇಳಿದ್ರೆ "ಎಲ್ಲ ಸರಿ ಇದ್ದು" ಅಂತಾರೆ, ದಿನಕ್ಕೆ ಎಷ್ಟು ಪ್ಯಾಡ್, ಎಷ್ಟು ದಿನ, ಗಡ್ಡೆ ಗಡ್ಡೆ ಹೋಗ್ತದಾ ಅಂತ ಬಿಡಿಸಿ ಕೇಳಿದ್ರೆ ಎಂಟು ದಿನ, ರಾತ್ರಿ ಎದ್ದು ಎರಡು ಸಲ ಬದಲಾಯಿಸ್ತೇನೆ ಅಂತ ಹೊರಗೆ ಬರ್ತದೆ. ಅದು ಸರಿ ಇರೋದಲ್ಲ. ಹಾಗಿದ್ರೆ ಹೊಟ್ಟೆ ಸ್ಕ್ಯಾನಿಂಗ್ ಮಾಡ್ಸಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ರೆ ಗೊತ್ತಾಗ್ತದೆ. ಹಾಗಿಲ್ಲ ಅಂದ್ರೆ ಹೊಟ್ಟೆಹುಣ್ಣು, ಮೂಲವ್ಯಾಧಿ ಹೀಗೆ ಬೇರೆ ಕಡೆ ಹುಡುಕ್ಬೇಕು. ಕಬ್ಬಿಣದ ಮಾತ್ರೆ ನುಂಗುವಾಗ ಚಾ ಹತ್ರ ತರ್ಬೇಡಿ, ಚಾ ಅದನ್ನ ಮೈಗೆ ಹತ್ಲಿಕ್ಕೆ ಬಿಡೋದಿಲ್ಲ, ಲಿಂಬು ಶರಬತ್ತಿನ ಜೊತೆ ಆದ್ರೆ ಒಳ್ಳೇದು. ಮಲ ಕಪ್ಪಾಗ್ತದೆ, ಹೆದರ್ಬೇಡಿ. ಹಿಮೋಗ್ಲೋಬಿನ್ ಸರಿ ಬಂದ ಮೇಲೂ ಮೂರು ತಿಂಗಳು ಮುಂದುವರ್ಸ್ಬೇಕು, ಉಗ್ರಾಣ ತುಂಬ್ಬೇಕಲ್ಲ.

ಥೈರಾಯ್ಡು: ಟಿಎಸ್ಎಚ್ ಅನ್ನೋದು ಥೈರಾಯ್ಡಿಂದ ಬರೋದಲ್ಲ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ "ಏಳು, ಕೆಲ್ಸ ಮಾಡು" ಅಂತ ಕೂಗೋ ಕೂಗು. ಆಳು ನಿಧಾನ ಮಾಡಿದ ಹಾಗೆ ಯಜಮಾನನ ಕೂಗು ಜೋರಾಗ್ತದೆ. 6.4 ಅಂದ್ರೆ ಸ್ವಲ್ಪ ಗಟ್ಟಿ ಸ್ವರ, ಅಷ್ಟೇ. ಥೈರಾಯ್ಡಿಂದಲೇ ಬರೋ ಹಾರ್ಮೋನು ಫ್ರೀ ಟಿ4 ನಾರ್ಮಲ್ ಇದ್ದು ಟಿಎಸ್ಎಚ್ 10ರ ಒಳಗಿದ್ರೆ ಸುಮಾರು ಜನಕ್ಕೆ ಮಾತ್ರೆ ಬೇಕಾಗೋದೇ ಇಲ್ಲ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿದ್ರೆ ತನ್ನಷ್ಟಕ್ಕೇ ಇಳಿದಿರೋದೂ ಉಂಟು. ಬಸುರಿ ಆದವರ, ಆಗ್ಬೇಕು ಅನ್ನೋವರ ಲೆಕ್ಕ ಬೇರೆ, ಅವರು ಕಾಯೋ ಹಾಗಿಲ್ಲ. ಕೂದ್ಲು ಉದುರ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ರೆ ಟೆಸ್ಟಿಗೆ ಎರಡು ಮೂರು ದಿನ ಮೊದ್ಲೇ ನಿಲ್ಲಿಸಿ, ಅದು ಥೈರಾಯ್ಡ್ ಟೆಸ್ಟಿನ ಲೆಕ್ಕ ತಪ್ಪಿಸ್ತದೆ.

ವಿಟಮಿನ್ ಡಿ 20ಕ್ಕಿಂತ ಕೆಳಗೆ ಅಂದ್ರೆ ಕೊರತೆಯೇ, ಡಾಕ್ಟ್ರು 60,000 ಯೂನಿಟಿಂದು ವಾರಕ್ಕೊಂದರಂತೆ ಕೆಲವು ವಾರ ಕೊಡ್ತಾರೆ. ಆ ಚೀಟಿ ಇಟ್ಕೊಂಡು ಎರಡು ವರ್ಷ ಮೆಡಿಕಲ್ ಶಾಪಿಂದ ತಂದು ತಿನ್ಬೇಡಿ, ಜಾಸ್ತಿಯಾದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಕಷ್ಟ. ಇಯೊಸಿನೊಫಿಲ್ 8 ನಮ್ಮ ಕಡೆ ಅಲರ್ಜಿ, ಸೀನು, ಹೊಟ್ಟೆಹುಳ ಇದ್ದವರಿಗೆ ಮಾಮೂಲು. ಎ/ಜಿ ರೇಶಿಯೊ ಮರೆತುಬಿಡಿ.

ಪ್ರಶ್ನೆ: ಡಾಕ್ಟ್ರೇ, ಯೂರಿಕ್ ಆಸಿಡ್ 7.8 ಬಂದದೆ. ಮೀನು ಪೂರ್ತಿ ಬಿಡ್ಬೇಕು ಅಂತಾರೆ. ನಾವು ಮೀನು ಹಿಡಿದೇ ಬದುಕೋರು, ಮನೇಲಿ ಮೀನಿಲ್ಲದ ಊಟ ಅಂದ್ರೆ ಯಾರೋ ಸತ್ತಿದ್ದಾರೆ ಅಂತ ಅರ್ಥ. ಗಂಟುನೋವು ಇಲ್ಲ. — ಕಾರವಾರ, 38 ವರ್ಷ

ಉತ್ತರ: ಗಂಟುನೋವು ಇಲ್ಲ ಅಂದ್ರೆ ಈ ಟೆಸ್ಟ್ ಮಾಡ್ಸಿದ್ದು ಎಂತಕ್ಕೆ ಅನ್ನೋದು ನನ್ನ ಮರುಪ್ರಶ್ನೆ. ಲಕ್ಷಣ ಇಲ್ಲದೆ ಬರೀ ನಂಬರ್ 7.8 ಇದ್ರೆ ಸಾಮಾನ್ಯವಾಗಿ ಮಾತ್ರೆ ಕೊಡೋದಿಲ್ಲ, ಹೀಗೆ ಇರೋರಲ್ಲಿ ಹೆಚ್ಚಿನವರಿಗೆ ಗೌಟ್ ಬರೋದೇ ಇಲ್ಲ. ಗೌಟ್ ಬಂದ್ರೆ ನಿಮಗೇ ಗೊತ್ತಾಗ್ತದೆ: ರಾತ್ರಿ ಮಲಗಿದವ ಬೆಳಗಿನ ಜಾವ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಮೇಲೆ ಹೊದಿಕೆ ಸೋಕಿದ್ರೂ ಕೂಗೋ ಹಾಗಿರ್ತದೆ. ಇಲ್ಲೊಂದು ಮೋಸ ಉಂಟು ನೋಡಿ, ಗೌಟ್ ಜೋರಾಗಿ ಎದ್ದ ದಿನ ರಕ್ತ ಟೆಸ್ಟ್ ಮಾಡಿದ್ರೆ ಕೆಲವರಿಗೆ ಯೂರಿಕ್ ಆಸಿಡ್ ನಾರ್ಮಲ್ಲೇ ಬರ್ತದೆ, ಎರಡು ವಾರ ಬಿಟ್ಟು ಮತ್ತೆ ನೋಡ್ಬೇಕು. ನಂಬರ್ ಜಾಸ್ತಿ ಇದ್ದು ಕಾಯಿಲೆ ಇಲ್ಲದವರು, ಕಾಯಿಲೆ ಇದ್ದು ನಂಬರ್ ನಾರ್ಮಲ್ ಇರೋವರು, ಎರಡೂ ಜಾತಿಯವರನ್ನ ನಾನು ಒಂದೇ ವಾರದಲ್ಲಿ ನೋಡಿದ್ದುಂಟು.

ಮೀನಿನ ವಿಷಯ. ತಾರ್ಲೆ, ಬಂಗಡೆ, ಶೆಟ್ಲಿ, ಒಣಮೀನು ಇವುಗಳಲ್ಲಿ ಮೈಯೊಳಗೆ ಯೂರಿಕ್ ಆಸಿಡ್ ಆಗೋ ಪ್ಯೂರಿನ್ ಜಾಸ್ತಿ ಹೌದು, ಆದ್ರೆ ಊಟದಲ್ಲಿ ಎಷ್ಟೇ ಪಥ್ಯ ಮಾಡಿದ್ರೂ ಈ ನಂಬರ್ ಇಳಿಯೋದು ಸುಮಾರು ಒಂದು ಪಾಯಿಂಟ್ ಅಷ್ಟೇ, ಯಾಕಂದ್ರೆ ಯೂರಿಕ್ ಆಸಿಡ್ ಹೆಚ್ಚಿನದೆಲ್ಲ ಮೈಯೊಳಗೇ ತಯಾರಾಗ್ತದೆ, ಅದನ್ನ ಕಿಡ್ನಿ ಎಷ್ಟು ಹೊರಗೆ ಹಾಕ್ತದೆ ಅನ್ನೋದ್ರ ಮೇಲೇ ಲೆಕ್ಕ ನಿಂತಿರ್ತದೆ. ಮೀನು ಮಿತಿಯಲ್ಲಿ ತಿನ್ನಿ. ಮೀನಿನ ಜೊತೆಗೆ ಕೂತ್ಕೊಳ್ಳೋ ಬಿಯರ್ ಇದೆಯಲ್ಲ, ಅದನ್ನ ಬಿಡಿ, ಅದು ಎರಡು ಕಡೆಯಿಂದ ಹೊಡೀತದೆ, ತಯಾರಿಕೆಯನ್ನೂ ಹೆಚ್ಚು ಮಾಡಿ ಕಿಡ್ನಿಯ ಬಾಗ್ಲನ್ನೂ ಅರ್ಧ ಮುಚ್ತದೆ. ಬಾಟ್ಲಿ ಜ್ಯೂಸು ಕೋಲಾಗಳೂ ಹಾಗೇ. ದೋಣಿ ಮೇಲೆ ಇಡೀ ದಿನ ಬಿಸಿಲಲ್ಲಿ ಇರೋರು ನೀರು ಕಡಿಮೆ ಕುಡೀತಾರೆ, ಅದನ್ನ ಸರಿ ಮಾಡಿ. ಬಿಪಿಗೆ ನೀರಿಳಿಸೋ ಮಾತ್ರೆ ತಗೊಳ್ತಿದ್ರೆ ಅದ್ರಿಂದಲೂ ಏರ್ತದೆ, ನಿಮ್ಮ ಡಾಕ್ಟ್ರಿಗೆ ಹೇಳಿ. ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ಒಂದು ನೋಡಿಟ್ಕೊಳ್ಳಿ. ಮುಗೀತು, ಹೋಗಿ ಬಂಗಡೆ ಸಾರು ಉಣ್ಣಿ.

ಪ್ರಶ್ನೆ: ಬೆಟ್ಟಕ್ಕೆ ದರಕು ತರ್ಲಿಕ್ಕೆ ಹೋಗಿ ಬಂದ ಮೇಲೆ ನಮ್ಮ ಮನೆಯವರಿಗೆ ಜ್ವರ, ತಲೆ ಸಿಡೀತದೆ, ಸೊಂಟ ಕಾಲು ಎಲ್ಲ ಕಡಿದ ಹಾಗೆ ನೋವು ಅಂದ್ರು. ಟೆಸ್ಟ್ ಮಾಡಿದಲ್ಲಿ ವಿಡಾಲ್ ಪಾಸಿಟಿವ್ ಅಂತ ಟೈಫಾಯ್ಡಿಗೆ ಔಷಧಿ ಕೊಟ್ರು. ಆಮೇಲೆ ಪಿಎಚ್‌ಸಿಯವರು ರಕ್ತ ಕಳ್ಸಿದಾಗ ಮಂಗನ ಕಾಯಿಲೆ ಅಂತ ಬಂತು. ಈಗ ಆರಾಮಿದ್ದಾರೆ. ಎರಡೂ ಒಟ್ಟಿಗೆ ಆಗಿತ್ತಾ? ಮೊದ್ಲಿನ ಟೆಸ್ಟ್ ಸುಳ್ಳಾ? — ಸಿದ್ದಾಪುರ

ಉತ್ತರ: ಆರಾಮಾದ್ರಲ್ಲ, ಅದು ದೊಡ್ಡದು. ಎರಡೂ ಒಟ್ಟಿಗೆ ಆಗಿರೋ ಸಾಧ್ಯತೆ ತೀರಾ ಕಡಿಮೆ. ವಿಡಾಲ್ ಟೆಸ್ಟ್ ಹುಡುಕೋದು ಟೈಫಾಯ್ಡ್ ಕ್ರಿಮಿಯನ್ನಲ್ಲ, ಅದರ ವಿರುದ್ಧ ನಿಮ್ಮ ಮೈ ಯಾವಾಗಲೋ ಮಾಡಿಟ್ಟ ಆಂಟಿಬಾಡಿಯನ್ನ. ಹಿಂದೆ ಟೈಫಾಯ್ಡ್ ಆಗಿದ್ರೆ, ಲಸಿಕೆ ಹಾಕಿಸ್ಕೊಂಡಿದ್ರೆ, ಬೇರೆ ಯಾವ್ದೋ ಜ್ವರದಲ್ಲೂ, ಅದು ಪಾಸಿಟಿವ್ ತೋರಿಸ್ತದೆ. ಟೈಫಾಯ್ಡ್ ಹೌದಾ ಅಲ್ವಾ ಅಂತ ಗಟ್ಟಿ ತಿಳೀಬೇಕು ಅಂದ್ರೆ ಮೊದಲ ವಾರದಲ್ಲಿ, ಆಂಟಿಬಯೋಟಿಕ್ ಕೊಡೋಕೆ ಮುಂಚೆ, ರಕ್ತದಲ್ಲಿರೋ ಕ್ರಿಮಿಯನ್ನ ಬೆಳೆಸಿ ನೋಡೋ ಬ್ಲಡ್ ಕಲ್ಚರ್ ಮಾಡ್ಬೇಕು. ಅದಕ್ಕೆ ಎರಡು ಮೂರು ದಿನ ಬೇಕು, ದುಡ್ಡೂ ಜಾಸ್ತಿ, ಹಾಗಾಗಿ ಎಲ್ಲರೂ ವಿಡಾಲಿಗೆ ಜೋತುಬಿದ್ದಿದ್ದಾರೆ. ನಾನೂ ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ಕಾಲದಲ್ಲಿ ಬರೀತಿದ್ದೆ, ಈಗ ಅದೊಂದನ್ನೇ ನಂಬಿ ಔಷಧಿ ಬರೆಯೋದಿಲ್ಲ.

ಮಂಗನ ಕಾಯಿಲೆ ನಮ್ಮ ಪಕ್ಕದ್ದೇ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದ್ಲು ಗುರುತಿಸಿದ್ದು, ಅದಕ್ಕೇ ಕ್ಯಾಸನೂರ್ ಫಾರೆಸ್ಟ್ ಡಿಸೀಸ್, ಚುಟುಕಾಗಿ ಕೆಎಫ್‌ಡಿ ಅಂತ ಹೆಸರು. ಹರಡೋದು ಮಂಗ ಕಚ್ಚಿ ಅಲ್ಲ, ಉಣುಗು ಕಚ್ಚಿ. ಮರಿ ಉಣುಗು ಎಷ್ಟು ಸಣ್ಣ ಅಂದ್ರೆ ಕಾಲ ಮೇಲೆ ಕೂತ್ರೆ ಮಚ್ಚೆ ಅಂದ್ಕೋಬೇಕು. ಮಳೆ ನಿಂತು ದರಕು ಒಣಗಿ ಬಿದ್ದ ಮೇಲೆ, ಡಿಸೆಂಬರಿಂದ ಮೇ ತನಕ, ನಾವು ಸೊಪ್ಪಿನಬೆಟ್ಟಕ್ಕೆ ಹೋಗೋದೂ ಅದು ಕಚ್ಲಿಕ್ಕೆ ಕಾಯೋದೂ ಒಂದೇ ಹೊತ್ತಿಗೆ. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಒಮ್ಮೆಲೇ ಜ್ವರ, ಹಣೆ ಸಿಡಿಯೋ ತಲೆನೋವು, ಮೈಕೈ ಹಿಂಡೋ ನೋವು, ಕಣ್ಣು ಕೆಂಪು, ವಾಂತಿ ಭೇದಿ, ಕೆಲವರಿಗೆ ವಸಡಲ್ಲಿ ಮೂಗಲ್ಲಿ ರಕ್ತ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರ್ತದೆ. ಶುರುವಿನ ದಿನಗಳಲ್ಲಿ ಆರ್‌ಟಿ-ಪಿಸಿಆರ್, ಆಮೇಲಾದ್ರೆ ಐಜಿಎಂ ಅನ್ನೋ ಆಂಟಿಬಾಡಿ ಟೆಸ್ಟ್. ಸ್ಯಾಂಪಲ್ಲು ಶಿವಮೊಗ್ಗದ ವೈರಸ್ ಡಯಾಗ್ನೋಸ್ಟಿಕ್ ಲ್ಯಾಬ್‌ನಂಥ ಸರ್ಕಾರಿ ಲ್ಯಾಬಿಗೆ ಪಿಎಚ್‌ಸಿ ಮೂಲಕ ಹೋಗ್ತದೆ, ಊರ ಲ್ಯಾಬಲ್ಲಿ ಆಗೋ ಕೆಲ್ಸ ಅಲ್ಲ. ವೈರಸ್ಸನ್ನೇ ಕೊಲ್ಲೋ ಔಷಧಿ ಇಲ್ಲ, ಜ್ವರಕ್ಕೆ ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ, ರಕ್ತಸ್ರಾವದ ಮೇಲೆ ಕಣ್ಣು. ಮೈಕೈ ನೋವು ಅಂತ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಇಂಜೆಕ್ಷನ್ ಹೊಡೆಸ್ಕೋಬೇಡಿ, ಪ್ಲೇಟ್‌ಲೆಟ್ ಇಳಿದವರಿಗೆ ಅದು ರಕ್ತಸ್ರಾವ ತರ್ತದೆ.

ನಿಮ್ಮ ಮನೆಯವರಿಗೆ ಇನ್ನೊಂದು ಮಾತು. ಜ್ವರ ಬಿಟ್ಟು ಒಂದೆರಡು ವಾರ ಆರಾಮಿದ್ದು, ಕೆಲವರಿಗೆ ಮತ್ತೆ ಎರಡನೇ ಸಲ ಜ್ವರ ಎದ್ದು ಬರ್ತದೆ, ಆಗ ತಲೆನೋವು, ಕುತ್ತಿಗೆ ಬಿಗಿ, ಕೈ ನಡುಕ, ಮಾತು ಅತ್ತಿತ್ತ ಆಗೋದು ಕಂಡ್ರೆ ರಾತ್ರಿಯಾದ್ರೂ ಆಸ್ಪತ್ರೆಗೆ ಹೋಗಿ. ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಎಣ್ಣೆ ಕೈಕಾಲಿಗೆ ಸವರಿ ಹೋಗಿ, ಬಂದವರು ಜಗಲಿ ಮೇಲೆ ಕೂತು ಕವಳ ಹಾಕೋಕೆ ಮುಂಚೆ ಬಟ್ಟೆ ಬಿಸಿನೀರಿಗೆ ಹಾಕಿ ಸೋಪಲ್ಲಿ ಮೀಯ್ಬೇಕು. ಮಂಗ ಸತ್ತದ್ದು ಕಂಡ್ರೆ ಮುಟ್ಬೇಡಿ, ಫಾರೆಸ್ಟಿನವರಿಗೋ ಆಶಾ ಕಾರ್ಯಕರ್ತೆಗೋ ಹೇಳಿ.

ಇದೇ ಜ್ವರ ಜುಲೈನಲ್ಲಿ, ಗದ್ದೆ ನೆಟ್ಟಿ ಮಾಡಿದವರಿಗೆ ಬಂದಿದ್ರೆ ನಾನು ಮೊದ್ಲು ಇಲಿಜ್ವರ ಅಂತ ಯೋಚ್ನೆ ಮಾಡ್ತಿದ್ದೆ, ಅದರಲ್ಲಿ ಮೀನಖಂಡ ಒತ್ತಿದ್ರೆ ಜೀವ ಹೋಗ್ತದೆ, ಮತ್ತೆ ಅದಕ್ಕೆ ಆಂಟಿಬಯೋಟಿಕ್ ಕೆಲ್ಸ ಮಾಡ್ತದೆ, ಬೇಗ ಕೊಟ್ರೆ ಕಿಡ್ನಿ ಉಳೀತದೆ. ಅದಕ್ಕೇ ಜ್ವರ ಅಂತ ಬಂದವರ ಹತ್ರ ಹಿಂದಿನ ಎರಡು ವಾರ ಎಲ್ಲೆಲ್ಲಿ ಕೆಲ್ಸ ಮಾಡಿದ್ರಿ ಅಂತ ಕೇಳೋದು, ಕೆಲವರು "ಇವರಿಗೆಂತಕ್ಕೆ ನಮ್ಮ ತೋಟದ ಸುದ್ದಿ" ಅಂತ ಮುಖ ನೋಡ್ತಾರೆ.

ಪ್ರಶ್ನೆ: ಒಂದೇ ದಿನ ಎರಡು ಲ್ಯಾಬಲ್ಲಿ ಟೆಸ್ಟ್ ಮಾಡ್ಸಿದೆ. ಖಾಲಿ ಹೊಟ್ಟೆ ಸಕ್ಕರೆ ಒಂದ್ರಲ್ಲಿ 118, ಇನ್ನೊಂದ್ರಲ್ಲಿ 97. ಮನೆ ಮಿಶನ್‌ನಲ್ಲಿ 126. ಎಚ್‌ಬಿಎ1ಸಿ 6.3. ಯಾರನ್ನ ನಂಬೋದು? ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಬಿಡ್ಬೇಕಾ? — ಕುಮಟಾ, 51 ವರ್ಷ

ಉತ್ತರ: ಎರಡನೇ ಲ್ಯಾಬಿನವರು ರಕ್ತ ತೆಗೆದು ಅಲ್ಲೇ ಮಾಡಿದ್ರಾ, ಬೇರೆ ಊರಿಗೆ ಕಳ್ಸಿದ್ರಾ ಕೇಳಿ. ರಕ್ತ ಟ್ಯೂಬಲ್ಲಿ ಕೂತ್ರೂ ಅದರೊಳಗಿನ ಕಣಗಳು ಜೀವಂತ ಇರ್ತವೆ, ಸಕ್ಕರೆ ತಿಂತಾನೇ ಇರ್ತವೆ, ಗಂಟೆಗೆ ಐದರಿಂದ ಏಳು ಪರ್ಸೆಂಟ್ ಹಾಗೆ ಇಳೀತಾ ಹೋಗ್ತದೆ. ಅದಕ್ಕೇ ಸಕ್ಕರೆ ಟೆಸ್ಟಿಗೆ ಬೂದು ಬಣ್ಣದ ಮುಚ್ಚಳದ ಟ್ಯೂಬ್, ಒಳಗೆ ಫ್ಲೋರೈಡ್ ಇರ್ತದೆ. ಅದೂ ಕೂಡ ಕೆಲ್ಸ ಶುರು ಮಾಡ್ಲಿಕ್ಕೆ ಸ್ವಲ್ಪ ಹೊತ್ತು ತಗೊಳ್ತದೆ. ಮನೆ ಮಿಶನ್ ಅಂತೂ ಶೇಕಡಾ 15 ಆಚೀಚೆ ತೋರಿಸ್ಲಿಕ್ಕೆ ಅದಕ್ಕೆ ಅನುಮತಿಯೇ ಉಂಟು, ದಿನಾ ಏರಿತಾ ಇಳೀತಾ ನೋಡ್ಲಿಕ್ಕೆ ಸಾಕು, ಡಯಾಬಿಟಿಸ್ ಹೌದು ಅಲ್ಲ ಅಂತ ತೀರ್ಮಾನಕ್ಕೆ ಸಾಲ್ದು.

ಸ್ಯಾಂಪಲ್ ಪ್ರಯಾಣ ಅಂದ ಕೂಡ್ಲೆ ನಂದೇ ಕತೆ ನೆನಪಾಯ್ತು. ಒಮ್ಮೆ ನಂಗೇ ಸುಮ್ನೆ ರುಟೀನ್ ಅಂತ ಕೊಟ್ಟ ರಕ್ತದಲ್ಲಿ ಪೊಟ್ಯಾಶಿಯಂ 6.3 ಬಂತು. ಅಷ್ಟಿದ್ರೆ ಹಾರ್ಟು ಯಾವಾಗ ಬೇಕಾದ್ರೂ ತಾಳ ತಪ್ಪಬಹುದು, ಬೇರೆಯವರದ್ದಾಗಿದ್ರೆ ಅಡ್ಮಿಟ್ ಮಾಡ್ತಿದ್ದೆ. ನಾನು ಎದ್ದು ಹೋಗಿ ಇಸಿಜಿ ತೆಗೆಸ್ಕೊಂಡೆ, ಸೊಗಸಾಗಿತ್ತು. ಆಮೇಲೆ ವಿಚಾರಿಸಿದ್ರೆ ಆ ಟ್ಯೂಬು ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡ್ರೈವರ್ ಪಕ್ಕದ ಡಬ್ಬಿಯಲ್ಲಿ ದೇವಿಮನೆ ಘಾಟಿ ಕುಲುಕಾಡ್ಕೊಂಡು ಹತ್ತಿ ಹೋಗಿತ್ತಂತೆ. ಕುಲುಕಿ ರಕ್ತಕಣ ಒಡೆದ್ರೆ ಒಳಗಿನ ಪೊಟ್ಯಾಶಿಯಂ ಎಲ್ಲ ಹೊರಗೆ ಚೆಲ್ತದೆ, ಮಿಶನ್ ಅದನ್ನೇ ಅಳೀತದೆ, ಮಿಶನ್ನಿನ ತಪ್ಪಿಲ್ಲ. ರಿಪೋರ್ಟಿನ ಕೆಳಗೆ ಸಣ್ಣಕ್ಷರದಲ್ಲಿ "ಹೀಮೊಲೈಸ್ಡ್ ಸ್ಯಾಂಪಲ್" ಅಂತ ಬರೆದೂ ಇತ್ತು, ನಾನೇ ಗಾಬರಿಯಲ್ಲಿ ಓದ್ಲಿಲ್ಲ. ಮರುದಿನ ಮತ್ತೆ ಕೊಟ್ಟೆ, 4.4.

ನಿಮ್ಮ ವಿಷಯದಲ್ಲಿ ನಂಬ್ಬೇಕಾದ್ದು 6.3 ಮತ್ತೆ 118, ಎರಡೂ ಒಂದೇ ಮಾತು ಹೇಳ್ತವೆ. ಎಚ್‌ಬಿಎ1ಸಿ ಅಂದ್ರೆ ಕಳೆದ ಎರಡು ಮೂರು ತಿಂಗಳ ಸರಾಸರಿ. 5.7ರಿಂದ 6.4 ಹೊಸ್ತಿಲು, 6.5 ಮುಟ್ಟಿದ್ರೆ ಡಯಾಬಿಟಿಸ್. ಖಾಲಿ ಹೊಟ್ಟೆಯದ್ದು 100ರಿಂದ 125 ಹೊಸ್ತಿಲು, 126 ಮುಟ್ಟಿದ್ರೆ ಡಯಾಬಿಟಿಸ್, ಅದೂ ಲಕ್ಷಣ ಇಲ್ಲದವರಿಗೆ ಇನ್ನೊಂದು ಸಲ ಟೆಸ್ಟ್ ಮಾಡಿ ಖಾತ್ರಿ ಮಾಡ್ಕೊಂಡ ಮೇಲೇ. ನೀವು ಹೊಸ್ತಿಲ ಮೇಲೆ ನಿಂತಿದ್ದೀರಿ, ಒಳಗೆ ಹೋಗ್ಲಿಲ್ಲ. ಮೇಲಿನ ಶಿರಸಿಯವರ ಹಾಗೆ ಕಬ್ಬಿಣದ ಕೊರತೆ ಇದ್ದವರಿಗೆ ಈ ಎಚ್‌ಬಿಎ1ಸಿ ಸುಳ್ಳೇ ಜಾಸ್ತಿ ತೋರಿಸ್ತದೆ, ಅದೊಂದು ಗಮನದಲ್ಲಿರ್ಲಿ.

ಗಂಜಿ ಬಿಡೋದು ಬೇಡ, ಬಟ್ಟಲು ಸಣ್ಣದು ಮಾಡಿ. ಗಂಜಿಗೆ ಜೋನಿಬೆಲ್ಲ ಸುರ್ಕೊಳ್ಳೋ ಅಭ್ಯಾಸ ಇದ್ರೆ ಅದನ್ನ ನಿಲ್ಲಿಸಿ, ಬೆಲ್ಲಕ್ಕೂ ಸಕ್ಕರೆಗೂ ನಿಮ್ಮ ರಕ್ತದ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ. ಜೊತೆಗೆ ಮೊಟ್ಟೆಯೋ ಹೆಸರುಕಾಳು ಪಲ್ಯವೋ ಇಟ್ಕೊಳ್ಳಿ. ಅಮೆರಿಕದಲ್ಲಿ ಹೊಸ್ತಿಲ ಮೇಲಿದ್ದವರ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಮೈತೂಕದಲ್ಲಿ ಶೇಕಡಾ 7 ಇಳಿಸ್ಬೇಕು, ವಾರಕ್ಕೆ 150 ನಿಮಿಷ ನಡೀಬೇಕು ಅಂತ ಗುರಿ ಕೊಟ್ಟ ಗುಂಪಿನಲ್ಲಿ ಡಯಾಬಿಟಿಸ್ ಆಗೋದು ಶೇಕಡಾ 58ರಷ್ಟು ಕಡಿಮೆ ಆಗಿತ್ತು, ಮಾತ್ರೆ ಕೊಟ್ಟ ಗುಂಪಿಗಿಂತ ಚೆನ್ನಾಗಿ. ನಿಮ್ಮ ತೂಕ 80 ಇದ್ರೆ ಐದಾರು ಕಿಲೋ, ಆಗದ ಮಾತಲ್ಲ.

ಪ್ರಶ್ನೆ: ಅಪ್ಪನಿಗೆ ರಾತ್ರಿ ಎದೆ ಉರಿ, ಬೆವರು. ಗ್ಯಾಸ್ ಅಂತ ಸೋಡಾ ಕುಡಿದ್ರು, ಡೇಗು ಬಂದು ಸ್ವಲ್ಪ ಹಗುರ ಆಯ್ತು. ಬೆಳಿಗ್ಗೆ ಇಸಿಜಿ ನಾರ್ಮಲ್ ಬಂತು. ಆದ್ರೂ ಡಾಕ್ಟ್ರು ಇನ್ನೊಂದು ರಕ್ತ ಟೆಸ್ಟ್ ಮಾಡಿ, ಮೂರು ತಾಸು ಬಿಟ್ಟು ಮತ್ತೆ ಅದನ್ನೇ ಮಾಡಿದ್ರು. ಸುಮ್ನೆ ಬಿಲ್ ಮಾಡಿದ್ದಾ? — ಅಂಕೋಲಾ

ಉತ್ತರ: ಅಲ್ಲ. ಆ ಡಾಕ್ಟ್ರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ.

ಇಸಿಜಿ ಅಂದ್ರೆ ಹಾರ್ಟಿನ ಆ ಹತ್ತು ಸೆಕೆಂಡಿನ ಫೋಟೋ. ಕಳ್ಳ ಬಂದು ಹೋದ ಮೇಲೆ ತೆಗೆದ ಫೋಟೋದಲ್ಲಿ ಕಳ್ಳ ಇಲ್ಲ ಅಂತ ಕಳವೇ ಆಗ್ಲಿಲ್ಲ ಅನ್ಲಿಕ್ಕೆ ಆಗ್ತದಾ? ಹಾರ್ಟ್ ಅಟ್ಯಾಕ್ ಆದವರಲ್ಲೂ ಕೆಲವರ ಮೊದಲ ಇಸಿಜಿ ನಾರ್ಮಲ್ಲೇ ಇರ್ತದೆ. ಆ ರಕ್ತ ಟೆಸ್ಟ್ ಟ್ರೋಪೊನಿನ್ ಇರ್ಬೇಕು. ಹಾರ್ಟಿನ ಸ್ನಾಯುವಿಗೆ ಪೆಟ್ಟು ಬಿದ್ರೆ ಅದು ರಕ್ತಕ್ಕೆ ಸೋರ್ತದೆ, ಆದ್ರೆ ಸೋರಿ ಅಳತೆಗೆ ಸಿಗ್ಲಿಕ್ಕೆ ಕೆಲವು ತಾಸು ಬೇಕು, ಅದಕ್ಕೇ ಎರಡು ಸಲ ನೋಡಿ ಏರ್ತಾ ಇದೆಯಾ ಅಂತ ತೀರ್ಮಾನ ಮಾಡೋದು. ಸೋಡಾ ಕುಡಿದು ಡೇಗು ಬಂದು ಹಗುರ ಆಯ್ತು ಅನ್ನೋದು ಯಾವ ಪುರಾವೆಯೂ ಅಲ್ಲ, ಹಾರ್ಟಿನ ನೋವೂ ಬಂದು ಹೋಗಿ ಮಾಡ್ತದೆ. ಬೆವರು ಇತ್ತು ಅಂದ್ರಲ್ಲ, ಆ ಒಂದು ಶಬ್ದಕ್ಕೇ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಉರಿ ಗಂಟಲು, ದವಡೆ, ಎಡಗೈ ಕಡೆ ಹೋಗೋದು, ಹತ್ತು ಹೆಜ್ಜೆ ನಡೆದ್ರೆ ಜಾಸ್ತಿ ಆಗೋದು, ತಣ್ಣಗೆ ಬೆವರೋದು, ಇವು ಗ್ಯಾಸಿನ ಗುಣ ಅಲ್ಲ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಕೆಲವು ಸಲ ಎದೆನೋವೇ ಇಲ್ದೆ ಬರೀ ಸುಸ್ತು, ಉಸಿರು ಸಿಕ್ಕಿಹಾಕ್ಕೊಂಡ ಹಾಗೆ, ಇಷ್ಟರಲ್ಲೇ ಮುಗಿದು ಹೋಗ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಬೇರೆಯವರಿಗಿಂತ ಒಂದು ಲೆಕ್ಕ ಜಾಸ್ತಿ ಗೊತ್ತಿರ್ಬೇಕು. ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗ್ತಾ ಇದ್ದೇವೆ, ಅಲ್ಲಿ ತನಕ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡೋದು ತಪ್ಪಿದ್ದಲ್ಲ. ನಾಳ ಪೂರ್ತಿ ಮುಚ್ಚಿದ ಅಟ್ಯಾಕಿಗೆ ಆ ನಾಳ ಬಿಡಿಸೋ ಆಂಜಿಯೋಪ್ಲಾಸ್ಟಿ ಮಾಡೋ ಜಾಗಕ್ಕೆ ಎರಡು ತಾಸಿನೊಳಗೆ ಮುಟ್ಲಿಕ್ಕೆ ಆಗೋದಿಲ್ಲ ಅಂದ್ರೆ, ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ಟು ಆಮೇಲೆ ಮುಂದೆ ಕಳ್ಸ್ಬೇಕು. ಅದು ಮೊದಲ ಮೂರು ತಾಸಲ್ಲಿ ಬಿದ್ರೆ ಚೊಲೊ ಕೆಲ್ಸ ಮಾಡ್ತದೆ, 12 ತಾಸು ಕಳೆದ್ರೆ ಹೆಚ್ಚು ಪ್ರಯೋಜನ ಇಲ್ಲ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಈ ಇಂಜೆಕ್ಷನ್ ತಾಲೂಕಾಸ್ಪತ್ರೆಗಳಲ್ಲಿ ಪುಕ್ಕಟೆ ಕೊಡ್ತಾರೆ. ಈಗ, ಎಲ್ಲರೂ ಆರಾಮಿರುವಾಗಲೇ, ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಇಸಿಜಿ ಮತ್ತೆ ಆ ಇಂಜೆಕ್ಷನ್ ಎರಡೂ ಸಿಗ್ತದೆ ಅಂತ ಕೇಳಿಟ್ಕೊಳ್ಳಿ. ಕಾರು ಹತ್ತಿ ಸೀದಾ ಮಣಿಪಾಲಕ್ಕೆ ಹೋಗ್ಬಿಡೋಣ ಅನ್ನೋದು ಧೈರ್ಯ ಅನ್ನಿಸ್ತದೆ, ಆದ್ರೆ ಸ್ನಾಯು ಸಾಯೋದು ದಾರಿಯಲ್ಲೇ.

ಪ್ರಶ್ನೆ: ಖಾರ ತಿಂದ್ರೆ ಬಾಯಿ ಉರೀತದೆ, ಬಾಯಿ ದೊಡ್ಡಕೆ ತೆಗೀಲಿಕ್ಕೆ ಆಗ್ತಿಲ್ಲ. ಬಿ ಕಾಂಪ್ಲೆಕ್ಸ್ ತಗೊಂಡ್ರೂ ಹೋಗ್ಲಿಲ್ಲ. ಕವಳ ಹಾಕ್ತೇನೆ, ಆದ್ರೆ ತಂಬಾಕು ಹಾಕೋದಿಲ್ಲ, ಎಲೆ ಅಡಿಕೆ ಸುಣ್ಣ ಅಷ್ಟೇ. — ಯಲ್ಲಾಪುರ, 47 ವರ್ಷ

ಉತ್ತರ: ನಮ್ಮನೆಯದ್ದೂ ಅಡಿಕೆ ತೋಟವೇ, ಅಡಿಕೆ ರೇಟು ಬಿದ್ರೆ ನಮ್ಮನೆಯಲ್ಲೂ ಊಟ ರುಚಿಸೋದಿಲ್ಲ. ಆದ್ರೂ ಹೇಳ್ಬೇಕಾದ್ದು ಹೇಳ್ಬೇಕು. ತಂಬಾಕು ಇಲ್ದಿದ್ರೂ ಅಡಿಕೆ ಒಂದೇ ಸಾಕು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಇದರ ಬಗ್ಗೆ ವಾದ ಮಾಡೋರು ಬಹಳ ಇದ್ದಾರೆ, ಮಾಡ್ಲಿ, ನಾನು ದಿನಾ ಬಾಯಿ ತೆಗೆಸಿ ನೋಡೋವ.

ನೀವು ಹೇಳಿದ್ದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರೋ ಹಾಗೆ ಕಾಣ್ತದೆ, ಕೆನ್ನೆಯ ಒಳಗಿನ ಮೆತ್ತನೆ ಚರ್ಮದಡಿ ನಾರು ಬೆಳೆದು ಬಿಗೀತಾ ಬರೋದು. ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳು, ತೋರು, ನಡು, ಉಂಗುರದ್ದು, ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ಹೋಗ್ತದಾ ನೋಡಿ. ಎರಡೇ ಹೋದ್ರೆ ತಡ ಮಾಡ್ಬೇಡಿ. ಬೆಳಕಲ್ಲಿ ಕೆನ್ನೆ ಒಳಗೆ ಬೆಳ್ಳಗೆ ಅಮೃತಶಿಲೆ ಹಾಗೆ ಕಾಣ್ತದಾ, ಬೆರಳಲ್ಲಿ ಮುಟ್ಟಿದ್ರೆ ಹಗ್ಗದ ಹಾಗೆ ಪಟ್ಟಿ ಸಿಗ್ತದಾ ಅದನ್ನೂ ನೋಡಿ. ಬಿಳಿ ಕೆಂಪು ಕಲೆ, ಮೂರು ವಾರಕ್ಕೂ ಮಾಯದ ಹುಣ್ಣು ಇದ್ರೆ ಬಯಾಪ್ಸಿ ಮಾಡ್ತಾರೆ, ಮರಗಟ್ಟಿಸಿ ಕಾಳಿನಷ್ಟು ತುಣುಕು ತೆಗೆದು ನೋಡೋದು. ಬಯಾಪ್ಸಿ ಮಾಡಿದ್ರೆ ಕ್ಯಾನ್ಸರ್ ಹರಡ್ತದೆ ಅನ್ನೋ ಮಾತು ಕಟ್ಟೆ ಮೇಲೆ ಕೇಳಿದ್ರೆ ಅಲ್ಲೇ ಬಿಟ್ಟು ಬನ್ನಿ. ಮೊದಲ ಔಷಧಿ ಕವಳ ನಿಲ್ಲಿಸೋದು, ಉಳಿದದ್ದು ದಂತವೈದ್ಯರೋ ಇಎನ್‌ಟಿಯವರೋ ಹೇಳ್ತಾರೆ. ಆದ ಬಿಗಿತ ಪೂರ್ತಿ ಹಿಂದೆ ಹೋಗೋದು ಕಷ್ಟ, ಮುಂದೆ ಹೋಗೋದನ್ನ ನಿಲ್ಲಿಸ್ಬಹುದು.

ಪ್ರಶ್ನೆ: ಕೊಲೆಸ್ಟ್ರಾಲ್ ಟೆಸ್ಟಿಗೆ 12 ತಾಸು ಉಪವಾಸ ಬೇಕೇ ಬೇಕಾ? — ಭಟ್ಕಳ

ಉತ್ತರ: ಹೆಚ್ಚಿನವರಿಗೆ ಬೇಡ. ಉಂಡು ಕೊಟ್ರೂ ನಡೀತದೆ. ಅದೇ ಟೆಸ್ಟಲ್ಲಿ ಬರೋ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು 400 ದಾಟಿ ಬಂದ್ರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ.

ಪ್ರಶ್ನೆ: ಬಿಪಿ ಇದೆ ಅಂತ ಉಪ್ಪು ಕಡಿಮೆ ಮಾಡಿದ್ದೇನೆ, ಸಾರಿಗೆ ಅರ್ಧ ಹಾಕ್ತೇನೆ. ಆದ್ರೂ 150ರ ಕೆಳಗೆ ಇಳೀತಿಲ್ಲ. — ಗೋಕರ್ಣ, 60 ವರ್ಷ

ಉತ್ತರ: ಸಾರಿಗೆ ಅರ್ಧ ಹಾಕಿ ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸುಟ್ಟ ಒಣಮೀನು ಇಟ್ಕೊಂಡ್ರೆ ಎಂತ ಬಂತು? ಇಡೀ ದಿನಕ್ಕೆ ಎಲ್ಲ ಸೇರಿ ಒಂದು ಟೀಚಮಚಕ್ಕಿಂತ ಕಡಿಮೆ, 5 ಗ್ರಾಂ ಒಳಗೆ. ಮಾತ್ರೆ ತಪ್ಪಿಸ್ತಿದ್ದೀರಾ ಅನ್ನೋದನ್ನೂ ನಿಮ್ಮನ್ನೇ ಕೇಳ್ಕೊಳ್ಳಿ.

ಪ್ರಶ್ನೆ: ಹಳೇ ರಿಪೋರ್ಟುಗಳ ಗಂಟು ಕಪಾಟು ತುಂಬಿದೆ, ಬಿಸಾಡ್ಬಹುದಾ? — ಕಾರವಾರ

ಉತ್ತರ: ಆರಾಮಿದ್ದಾಗ ತೆಗೆದ ಇಸಿಜಿ ಒಂದನ್ನ ಮಾತ್ರ ಯಾವ ಕಾರಣಕ್ಕೂ ಬಿಸಾಡ್ಬೇಡಿ, ನಾಳೆ ಎದೆನೋವು ಅಂತ ಹೋದಾಗ ಈ ಬದಲಾವಣೆ ಹೊಸದಾ ಹಳೇದಾ ಅಂತ ಗೊತ್ತಾಗೋದು ಅದ್ರಿಂದ್ಲೇ. ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಹಳೇದಿದ್ರೂ ಉಪಯೋಗ ಆಗ್ತದೆ, ಉಳಿದ ಕಾಗದ ಹೋಗ್ಲಿ. ಆದ್ರೆ ಇಸಿಜಿ ಕಾಗದದ ಮೇಲಿನ ಗೆರೆ ಶಾಯಿಯಿಂದ ಬರೆದದ್ದಲ್ಲ, ಬಿಸಿಯಿಂದ ಮೂಡಿದ್ದು, ಇಟ್ಟಲ್ಲೇ ಮಾಸಿ ಹೋಗ್ತದೆ. ನನ್ನ ಹತ್ರ ಬರೋ ಒಬ್ರು ರಿಟೈರ್ಡ್ ಮೇಷ್ಟ್ರು ಭಾರೀ ಜಾಗರೂಕತೆಯವರು, ಮಾಸದೆ ಇರ್ಲಿ ಅಂತ ಲ್ಯಾಮಿನೇಷನ್ ಮಾಡ್ಸಿ, ಮಗಳ ಮದುವೆ ಕರೆಯೋಲೆ ತೆಗೆದ ಹಾಗೆ ಚೀಲದಿಂದ ತೆಗೆದು ಕೊಟ್ರು. ಲ್ಯಾಮಿನೇಷನ್ ಮಿಶನ್ನಿನ ಬಿಸಿಗೆ ಕಾಗದ ಈ ತುದಿಯಿಂದ ಆ ತುದಿ ತನಕ ಕಪ್ಪು, ಒಂದು ಗೆರೆ ಕಾಣ್ಲಿಲ್ಲ. ಇಸಿಜಿ ಬಂದ ದಿನವೇ ಜಗಲಿ ಬೆಳಕಲ್ಲಿಟ್ಟು ಹೆಸರು, ತಾರೀಕು ಕಾಣೋ ಹಾಗೆ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಲ್ಲಿ ಇಟ್ಕೊಳ್ಳಿ, ಹೆಬ್ಬೆರಳು ಅಡ್ಡ ಬಾರದ ಹಾಗೆ.